ತೀವ್ರ ಸಾಲಬಾಧೆ ಮತ್ತು ದಿವಾಳಿ ಅರ್ಜಿ: ಮಧುಗಿರಿ ಉಪವಿಭಾಗದ ಸಾರ್ವಜನಿಕರ ಮಾಹಿತಿಗಾಗಿ

ಮಧುಗಿರಿ ಉಪವಿಭಾಗವು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡಿರುತ್ತದೆ. ಈ ಭಾಗದ ಬಹುಪಾಲು ಜಮೀನು ಮಳೆಯಾಶ್ರಿತ ಖುಷ್ಕಿ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬೆಳೆಗಾರನ ಕೈಗೆ ಬಿತ್ತನೆಯ ಖರ್ಚೂ ಬರುವುದಿಲ್ಲ. ಕೊಳವೆ ಬಾವಿಗೆಂದು ಮಾಡಿದ ಸಾಲವು ನೀರು ಬಾರದಿದ್ದರೂ ಉಳಿಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಇಂತಹ ವರ್ಷಗಳಲ್ಲಿ ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡುವ ಕುಟುಂಬಗಳು ಕ್ರಮೇಣ ಯಾವ ಸಾಲವನ್ನೂ ತೀರಿಸಲಾಗದ ಸ್ಥಿತಿಗೆ ತಲುಪುತ್ತವೆ. ಅಂತಹವರಿಗೆ ಕಾನೂನಿನಲ್ಲಿ ಇರುವ ರಕ್ಷಣೆಗಳನ್ನೂ ಅವುಗಳ ಮಿತಿಗಳನ್ನೂ ಇಲ್ಲಿ ವಿವರಿಸಲಾಗಿದೆ.

ದಿವಾಳಿ ಅರ್ಜಿಯನ್ನು ತಹಶೀಲ್ದಾರರ ಕಚೇರಿಯಲ್ಲಾಗಲಿ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಾಗಲಿ ಸ್ವೀಕರಿಸಲಾಗುವುದಿಲ್ಲ. ಅದು ಸಿವಿಲ್ ನ್ಯಾಯಾಲಯಕ್ಕೆ ಸಲ್ಲಿಸತಕ್ಕ ಅರ್ಜಿ. ಅದಕ್ಕೆ ಬೇಕಾಗುವ ಪಹಣಿ, ಆದಾಯ ಪ್ರಮಾಣ ಪತ್ರ ಮುಂತಾದ ದಾಖಲೆಗಳನ್ನು ಮಾತ್ರ ನಾಡಕಚೇರಿ ಮತ್ತು ತಾಲ್ಲೂಕು ಕಚೇರಿಗಳಿಂದ ಪಡೆಯಬಹುದು.

ಹೆಸರಿನ ಬಗ್ಗೆ

ಆಡುಮಾತಿನಲ್ಲಿ ಇದನ್ನು ‘ಪಾಪರ್ ಚೀಟಿ ತೆಗೆದುಕೊಳ್ಳುವುದು’ ಎನ್ನುತ್ತಾರೆ. ಆಂಧ್ರದ ಗಡಿಗೆ ಹೊಂದಿಕೊಂಡ ಊರುಗಳಲ್ಲಿ ‘ಐ.ಪಿ. ಹಾಕುವುದು’ ಎಂಬ ಮಾತೂ ಉಂಟು. ವಾಸ್ತವವಾಗಿ ಯಾವ ಚೀಟಿಯನ್ನೂ ಕೊಡುವ ಪದ್ಧತಿ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ‘ಪಾಪರ್’ ಎಂಬ ಪದವು ನ್ಯಾಯಾಲಯ ಶುಲ್ಕ ಕಟ್ಟಲಾಗದೆ ದಾವೆ ಹೂಡುವವರಿಗೆ ಬಳಕೆಯಲ್ಲಿತ್ತು. 1976ರ ತಿದ್ದುಪಡಿಯಲ್ಲಿ ಅದನ್ನು ಕೈಬಿಟ್ಟು ‘ನಿರ್ಗತಿಕ ವ್ಯಕ್ತಿ’ ಎಂಬ ಅರ್ಥದ ಪದವನ್ನು ಸೇರಿಸಲಾಯಿತು. ದಿವಾಳಿ ಎಂಬುದು ಬೇರೆಯೇ ವಿಷಯ. ಇದು 1920ರ ಪ್ರಾಂತೀಯ ದಿವಾಳಿ ಅಧಿನಿಯಮದ ಮೇರೆಗೆ ನ್ಯಾಯಾಲಯ ಹೊರಡಿಸುವ ಆದೇಶ.

ಸಾಲಮನ್ನಾಕ್ಕೂ ಇದಕ್ಕೂ ಸಂಬಂಧವಿಲ್ಲ. ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಹಾಗೂ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರದ ದುರ್ಬಲ ವರ್ಗದವರ ಖಾಸಗಿ ಸಾಲಗಳಿಗೆ ಪರಿಹಾರ ನೀಡಲು 2018ರ ಕರ್ನಾಟಕ ಋಣ ಪರಿಹಾರ ಅಧಿನಿಯಮವು 2019ರ ಜುಲೈನಲ್ಲಿ ಜಾರಿಗೆ ಬಂದಿತ್ತು. ಅದರ ಮೇರೆಗೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಸಲ್ಲಿಸಲು 90 ದಿನಗಳ ಕಾಲಾವಕಾಶವಿತ್ತು. ಆ ಅವಧಿ ಎಂದೋ ಮುಗಿದಿದೆ. ‘ಇನ್ನೂ ಅರ್ಜಿ ಹಾಕಬಹುದು’ ಎಂದು ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.

ಮೊದಲು ಪಟ್ಟಿ

ಸಾಲ ಎಷ್ಟಿದೆ ಎಂಬುದಕ್ಕಿಂತ ಸಾಲ ಯಾರದು ಎಂಬುದು ಮುಖ್ಯ. ಪ್ರತಿಯೊಂದು ಬಗೆಯ ಸಾಲಕ್ಕೂ ಬೇರೆ ಕಾನೂನು ಅನ್ವಯಿಸುತ್ತದೆ. ಆದ್ದರಿಂದ ಸಾಲ ಕೊಟ್ಟವರ ಹೆಸರು, ಪಡೆದ ದಿನಾಂಕ, ಅಸಲು, ಈವರೆಗೆ ಕಟ್ಟಿದ ಮೊತ್ತ, ಕೊಟ್ಟ ಆಧಾರ (ಪ್ರಾಮಿಸರಿ ನೋಟು, ಚೆಕ್ಕು, ಒಡವೆ, ಜಮೀನಿನ ಪತ್ರ) ಮತ್ತು ಜಾಮೀನು ನಿಂತವರ ವಿವರಗಳನ್ನು ಬರೆದಿಟ್ಟುಕೊಳ್ಳತಕ್ಕದ್ದು. ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲದ ನಮೂದನ್ನು ಪಹಣಿಯ 11ನೇ ಕಾಲಂನಲ್ಲಿ ನೋಡಬಹುದು. ನೋಂದಾಯಿತ ಅಡಮಾನಗಳು ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೊರೆಯುವ ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುತ್ತವೆ. ಕೈಸಾಲ ಯಾವ ದಾಖಲೆಯಲ್ಲೂ ಇರುವುದಿಲ್ಲ. ಅದನ್ನು ಸಾಲಗಾರನೇ ನೆನಪಿನಿಂದ ಬರೆಯಬೇಕು. ಮನೆಯವರಿಗೆ ತಿಳಿಯದಂತೆ ಮಾಡಿದ ಸಾಲವೂ ಈ ಪಟ್ಟಿಯಲ್ಲಿ ಇರಲೇಬೇಕು. ಅನೇಕ ಪ್ರಕರಣಗಳಲ್ಲಿ ಅದೇ ಅತಿ ಹೆಚ್ಚು ಬಡ್ಡಿಯ ಸಾಲವಾಗಿರುತ್ತದೆ.

ಉದಾಹರಣೆಗೆ, ಪಾವಗಡ ತಾಲ್ಲೂಕಿನಲ್ಲಿ ಮೂರು ಎಕರೆ ಖುಷ್ಕಿ ಹೊಂದಿರುವ ಕಡಲೆಕಾಯಿ ಬೆಳೆಗಾರರೊಬ್ಬರಿಗೆ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ 60,000 ರೂ. ಬೆಳೆ ಸಾಲ, ಬ್ಯಾಂಕಿನಲ್ಲಿ 80,000 ರೂ. ಒಡವೆ ಸಾಲ, ಪತ್ನಿಯ ಹೆಸರಿನಲ್ಲಿ 50,000 ರೂ. ಗುಂಪು ಸಾಲ ಮತ್ತು ‘ಮೂರು ರೂಪಾಯಿ ಬಡ್ಡಿ’ಯ 2,00,000 ರೂ. ಕೈಸಾಲ ಇದೆ ಎಂದಿಟ್ಟುಕೊಳ್ಳೋಣ. ಮೂರು ರೂಪಾಯಿ ಎಂಬುದು ಕಿವಿಗೆ ಚಿಕ್ಕದಾಗಿ ಕೇಳಿಸುತ್ತದೆ. ಅದು ನೂರಕ್ಕೆ ತಿಂಗಳಿಗೆ ಮೂರು; ಅಂದರೆ ವರ್ಷಕ್ಕೆ ಶೇಕಡ 36. ಈ ಕುಟುಂಬ ತಿಂಗಳಿಗೆ 6,000 ರೂ.ನಂತೆ ವರ್ಷಕ್ಕೆ 72,000 ರೂ. ಬಡ್ಡಿ ಕಟ್ಟಿದರೂ ಅಸಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಹೀಗಿದ್ದೂ, ದಿನವೂ ಬಾಗಿಲಿಗೆ ಬಂದು ಕೇಳುತ್ತಾರೆಂಬ ಕಾರಣಕ್ಕೆ ಕೈಸಾಲಕ್ಕೇ ಮೊದಲು ಹಣ ಹೋಗುತ್ತದೆ. ಸಹಕಾರ ಸಂಘದ ಸಾಲ ಸುಸ್ತಿಯಾಗುತ್ತದೆ. 2023-24ರಿಂದ 5 ಲಕ್ಷ ರೂ.ವರೆಗೆ ಶೂನ್ಯ ಬಡ್ಡಿಯಲ್ಲಿ ದೊರೆಯುವ ಅಲ್ಪಾವಧಿ ಬೆಳೆ ಸಾಲದ ಸೌಲಭ್ಯವು ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ. ಗಡುವು ತಪ್ಪಿದರೆ ಬಡ್ಡಿಯಿಲ್ಲದ ಸಾಲವೂ ಬಡ್ಡಿಯ ಸಾಲವಾಗುತ್ತದೆ.

ಖಾಸಗಿ ಸಾಲ ಮತ್ತು ಬಡ್ಡಿ

ಲೇವಾದೇವಿ ನಡೆಸಲು 1961ರ ಕರ್ನಾಟಕ ಲೇವಾದೇವಿದಾರರ ಅಧಿನಿಯಮದ ಮೇರೆಗೆ ಪರವಾನಗಿ ಕಡ್ಡಾಯ. ಲೇವಾದೇವಿದಾರರು ವಿಧಿಸಬಹುದಾದ ಗರಿಷ್ಠ ಬಡ್ಡಿ ಆಧಾರವಿರುವ ಸಾಲಕ್ಕೆ ವಾರ್ಷಿಕ ಶೇ. 14, ಆಧಾರವಿಲ್ಲದ ಸಾಲಕ್ಕೆ ಶೇ. 16. ಮೇಲಿನ ಉದಾಹರಣೆಯ ಕೈಸಾಲಕ್ಕೆ ಶೇ. 16ರಂತೆ ವರ್ಷಕ್ಕೆ 32,000 ರೂ. ಆಗುತ್ತದೆ, ಉಳಿದ 40,000 ರೂ. ಹೆಚ್ಚುವರಿ ವಸೂಲಿ. ವಿಪರೀತ ಬಡ್ಡಿ ವಿಧಿಸುವುದನ್ನು ನಿಷೇಧಿಸುವ 2004ರ ಅಧಿನಿಯಮವೂ ರಾಜ್ಯದಲ್ಲಿ ಇದೆ.

2025ರಲ್ಲಿ ಕಿರು ಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಪ್ರತ್ಯೇಕ ಕಾನೂನು ರಾಜ್ಯದಲ್ಲಿ ಜಾರಿಗೆ ಬಂದಿದೆ. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ, ನಂತರ ಅಧಿನಿಯಮವಾಗಿ. ಸಾಲಗಾರನನ್ನು ಅಥವಾ ಕುಟುಂಬದವರನ್ನು ಹಿಂಬಾಲಿಸುವುದು, ಬೆದರಿಸುವುದು, ಹೊರಗಿನ ವ್ಯಕ್ತಿಗಳನ್ನು ಕಳುಹಿಸಿ ಪೀಡಿಸುವುದು, ಸರ್ಕಾರಿ ಸೌಲಭ್ಯಕ್ಕೆ ಸಂಬಂಧಿಸಿದ ದಾಖಲೆಗಳನ್ನು ಕಿತ್ತುಕೊಳ್ಳುವುದು ಇವೆಲ್ಲ ಈ ಕಾನೂನಿನಡಿ ಅಪರಾಧ. ಶಿಕ್ಷೆ 10 ವರ್ಷಗಳವರೆಗೆ ಕಾರಾವಾಸ ಮತ್ತು 5 ಲಕ್ಷ ರೂ.ವರೆಗೆ ದಂಡ. ದೂರನ್ನು ದಾಖಲಿಸಿಕೊಳ್ಳಲು ಪೊಲೀಸ್ ಠಾಣೆಯವರು ನಿರಾಕರಿಸುವಂತಿಲ್ಲ. ಕಾನೂನು ಜಾರಿಗೆ ಬರುವ ಮೊದಲು ಪರವಾನಗಿ ಅಥವಾ ನೋಂದಣಿ ಇಲ್ಲದವರು ಆರ್ಥಿಕವಾಗಿ ದುರ್ಬಲರಾದವರಿಗೆ ಕೊಟ್ಟ ಸಾಲವು ಬಡ್ಡಿಸಹಿತ ತೀರಿದಂತೆ ಎಂಬ ಉಪಬಂಧವೂ ಇದೆ. ಈ ಕಾರಣದಿಂದ ಸಾಲ ಕೊಟ್ಟವರಿಗೆ ಪರವಾನಗಿ ಇತ್ತೇ ಎಂಬ ಒಂದು ಪ್ರಶ್ನೆಯಿಂದಲೇ ಕೆಲವರ ಸಮಸ್ಯೆಯ ಸ್ವರೂಪ ಬದಲಾಗಬಹುದು.

ಪ್ರಾಮಿಸರಿ ನೋಟಿನ ಮೇಲಿನ ದಾವೆಗೆ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ಕಾಲಮಿತಿ ಮುಗಿಯುವುದರೊಳಗೆ ಬರವಣಿಗೆಯಲ್ಲಿ ಸಾಲವನ್ನು ಒಪ್ಪಿಕೊಂಡರೆ ಅವಧಿಯು ಹೊಸದಾಗಿ ಆರಂಭವಾಗುತ್ತದೆ. ಬಡ್ಡಿಯನ್ನು ಅಸಲಿಗೆ ಸೇರಿಸಿ ‘ಪತ್ರ ಬದಲಾಯಿಸೋಣ’ ಎಂದಾಗ ಲೆಕ್ಕ ನೋಡದೆ ಸಹಿ ಮಾಡಬಾರದು. ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟಿರುವವರು ಇನ್ನೂ ಎಚ್ಚರ ವಹಿಸಬೇಕು. ಚೆಕ್ಕು ಅಮಾನ್ಯವಾಗಿ ನೋಟೀಸು ಬಂದರೆ ಹಣ ಕಟ್ಟಲು 15 ದಿನಗಳ ಅವಕಾಶ ಮಾತ್ರ ಇದ್ದು, ನೋಟೀಸನ್ನು ಪಡೆಯದೆ ಹಿಂದಿರುಗಿಸಿದರೆ ಪ್ರಯೋಜನವಿಲ್ಲ. ಅದು ಕ್ರಿಮಿನಲ್ ಮೊಕದ್ದಮೆ. ದಿವಾಳಿ ಅರ್ಜಿಯಿಂದ ಅದು ತಾನಾಗಿ ನಿಲ್ಲುವುದಿಲ್ಲ.

ಸಾಲಕ್ಕೆ ಬದಲಾಗಿ ಮನೆಯ ಯಾರನ್ನಾದರೂ ಜೀತಕ್ಕೆ ಇರಿಸಿಕೊಂಡಿದ್ದಲ್ಲಿ, 1976ರ ಜೀತ ಪದ್ಧತಿ ರದ್ದಿಯಾತಿ ಅಧಿನಿಯಮದ ಮೇರೆಗೆ ಆ ಸಾಲವೇ ರದ್ದಾಗುತ್ತದೆ. ಈ ದೂರನ್ನು ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ನೀಡಬಹುದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು ಪೂರ್ವಾನುಮತಿ ಇಲ್ಲದೆ ಸಾಲಕ್ಕಾಗಿ ಖಾಸಗಿಯವರಿಗೆ ಬರೆದುಕೊಟ್ಟಿದ್ದರೆ 1978ರ ಪಿ.ಟಿ.ಸಿ.ಎಲ್. ಅಧಿನಿಯಮ ಅನ್ವಯಿಸುತ್ತದೆ. ನ್ಯಾಯಾಲಯದ ಡಿಕ್ರಿಯ ಮೇಲಿನ ಮಾರಾಟಕ್ಕೂ ಈ ನಿರ್ಬಂಧ ಉಂಟು.

ಬ್ಯಾಂಕು, ಗುಂಪು ಸಾಲ

ಬರ ಘೋಷಣೆಯಾದ ಪ್ರದೇಶದಲ್ಲಿ ಬೆಳೆ ನಷ್ಟವಾದವರ ಅಲ್ಪಾವಧಿ ಬೆಳೆ ಸಾಲವನ್ನು ಅವಧಿ ಸಾಲವಾಗಿ ಪರಿವರ್ತಿಸಲು ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿ ಅವಕಾಶವಿದೆ. ಸಾಲ ಸುಸ್ತಿಯಾಗುವ ಮೊದಲೇ ಶಾಖೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು ಉತ್ತಮ. ಅಡಮಾನದ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆ ಸ್ವಾಧೀನಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ನೀಡುವ 2002ರ ಸರ್ಫೇಸಿ ಅಧಿನಿಯಮವು ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಮನೆ, ನಿವೇಶನ, ಅಂಗಡಿಗಳಿಗೆ ಅನ್ವಯಿಸುತ್ತದೆ. 60 ದಿನಗಳ ನೋಟೀಸು ಬಂದಾಗ ಅದಕ್ಕೆ ಉತ್ತರ ಕೊಡದೆ ಇರಬಾರದು.

ಗುಂಪು ಸಾಲಗಳ ವಿಷಯದಲ್ಲಿ, ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು 2022ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ಕಿರು ಸಾಲದ ವಸೂಲಿಗಾಗಿ ಬೆಳಿಗ್ಗೆ 9 ಗಂಟೆಗೆ ಮೊದಲು ಮತ್ತು ಸಂಜೆ 6ರ ನಂತರ ಸಂಪರ್ಕಿಸುವಂತಿಲ್ಲ. ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯು ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಉಚಿತವಾಗಿ ದೂರು ಸಲ್ಲಿಸಬಹುದು. ವಿಚಾರಣೆಗೆ ದೂರವಾಣಿ 14448.

ನ್ಯಾಯಾಲಯದ ಡಿಕ್ರಿ ಬಂದಾಗ

ಸಮನ್ಸು ಬಂದರೆ ಹಾಜರಾಗಲೇಬೇಕು. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಹಾಜರಾದರೆ ಕಂತುಗಳಲ್ಲಿ ಕಟ್ಟಲು ಅನುಮತಿ ಕೋರಬಹುದು. ಡಿಕ್ರಿಯಾದ ಮೇಲೆ ಕಂತು ಪಡೆಯಲು ಡಿಕ್ರಿದಾರನ ಒಪ್ಪಿಗೆ ಬೇಕು. ಪಾವಗಡ, ಮಧುಗಿರಿ ಕಡೆಯವರು ಹಿಂದೂಪುರ, ಮಡಕಶಿರಾಗಳಲ್ಲಿ ಸಾಲ ಪಡೆದಿರುವುದುಂಟು. ಅಲ್ಲಿನ ನ್ಯಾಯಾಲಯದ ಡಿಕ್ರಿಯನ್ನು ಅಮಲ್ಜಾರಿಗಾಗಿ ಇಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಬಹುದಾದ್ದರಿಂದ ‘ಬೇರೆ ರಾಜ್ಯದ್ದು’ ಎಂದು ಕಡೆಗಣಿಸುವಂತಿಲ್ಲ.

ಸಾಲ ತೀರಿಸದ ಮಾತ್ರಕ್ಕೆ ಜೈಲಿಗೆ ಹಾಕುತ್ತಾರೆಂಬ ಭಯ ವ್ಯಾಪಕವಾಗಿದೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತಿಲ್ಲ. ಪುರುಷರ ವಿಷಯದಲ್ಲಿಯೂ, ಕಟ್ಟುವ ಶಕ್ತಿಯಿದ್ದು ಕಟ್ಟದಿರುವುದು ಅಥವಾ ಆಸ್ತಿಯನ್ನು ಮರೆಮಾಚಿರುವುದು ಮುಂತಾದ ಕಾರಣಗಳು ರುಜುವಾತಾಗಬೇಕು. ಬರೀ ಬಡತನವು ಬಂಧನಕ್ಕೆ ಕಾರಣವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಡಿಕ್ರಿ ಮೊತ್ತ 2,000 ರೂ. ಮೀರದಿದ್ದರೆ ಸಿವಿಲ್ ಬಂಧನವೇ ಇಲ್ಲ. 5,000 ರೂ. ಮೀರಿದ್ದರೂ ಗರಿಷ್ಠ ಮೂರು ತಿಂಗಳು.

ಜಪ್ತಿಗೂ ಮಿತಿಯಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಅಗತ್ಯ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಕೂಲಿಯ ಹಣ, ಪಿಂಚಣಿ ಇವು ಜಪ್ತಿಗೆ ಒಳಪಡುವುದಿಲ್ಲ. ರೈತನ ನೇಗಿಲು ಮುಂತಾದ ಸಲಕರಣೆ, ಜೀವನಕ್ಕೆ ಅಗತ್ಯವೆಂದು ನ್ಯಾಯಾಲಯ ಭಾವಿಸುವಷ್ಟು ದನಕರು ಮತ್ತು ಬಿತ್ತನೆ ಬೀಜ ಹಾಗೂ ರೈತ ಅಥವಾ ಕೂಲಿಗಾರ ವಾಸವಿರುವ ಸ್ವಂತ ಮನೆಗೂ ಈ ರಕ್ಷಣೆ ಉಂಟು. ಆದರೆ ಆ ಮನೆಯನ್ನೇ ಅಡಮಾನ ಮಾಡಿದ್ದಲ್ಲಿ ಆ ಸಾಲದ ಮಟ್ಟಿಗೆ ಈ ರಕ್ಷಣೆ ದೊರೆಯುವುದಿಲ್ಲ.

ದಿವಾಳಿ ಅರ್ಜಿ

ಸಾಲ ತೀರಿಸಲು ಅಶಕ್ತನಾಗಿದ್ದು, ಸಾಲದ ಮೊತ್ತ 500 ರೂ. ಅಥವಾ ಅದಕ್ಕಿಂತ ಹೆಚ್ಚು ಇದ್ದರೆ, ಅಥವಾ ಹಣದ ಡಿಕ್ರಿಯ ಅಮಲ್ಜಾರಿಯಲ್ಲಿ ಬಂಧನವಾಗಿದ್ದರೆ, ಅಥವಾ ಆಸ್ತಿ ಜಪ್ತಿಯ ಆದೇಶವಾಗಿದ್ದರೆ ಸಾಲಗಾರನೇ ಅರ್ಜಿ ಸಲ್ಲಿಸಬಹುದು. (1920ರ ಐನೂರು ರೂಪಾಯಿ ಕಾನೂನಿನಲ್ಲಿ ಹಾಗೆಯೇ ಉಳಿದಿದೆ.) ಅಧಿಕಾರ ವ್ಯಾಪ್ತಿ ಜಿಲ್ಲಾ ನ್ಯಾಯಾಲಯಕ್ಕೆ ಮತ್ತು ಸರ್ಕಾರವು ಅಧಿಕಾರ ವಹಿಸಿಕೊಟ್ಟ ಅಧೀನ ನ್ಯಾಯಾಲಯಗಳಿಗೆ ಇರುತ್ತದೆ. ಸಾಲ ಕೊಟ್ಟವರು ಆಂಧ್ರದವರಾದರೂ ಅರ್ಜಿಯು ಸಾಲಗಾರ ಸಾಮಾನ್ಯವಾಗಿ ವಾಸಿಸುವ ಅಥವಾ ವ್ಯಾಪಾರ ಮಾಡುವ ಸ್ಥಳದ ವ್ಯಾಪ್ತಿಯ ನ್ಯಾಯಾಲಯಕ್ಕೇ ಸಲ್ಲುತ್ತದೆ.

ಅರ್ಜಿಯಲ್ಲಿ ಎಲ್ಲ ಸಾಲಗಳನ್ನೂ ಸಾಲದಾತರ ಹೆಸರು ವಿಳಾಸಗಳ ಸಹಿತ, ಎಲ್ಲ ಆಸ್ತಿಯನ್ನೂ ಅದರ ಬೆಲೆ ಮತ್ತು ಇರುವ ಸ್ಥಳದ ಸಹಿತ ನಮೂದಿಸಿ, ಜಪ್ತಿಗೆ ಒಳಪಡದ ವಸ್ತುಗಳನ್ನು ಬಿಟ್ಟು ಉಳಿದುದನ್ನು ನ್ಯಾಯಾಲಯದ ವಶಕ್ಕೆ ಒಪ್ಪಿಸಲು ಸಿದ್ಧನೆಂದು ತಿಳಿಸಬೇಕು. ಪಾವಗಡದ ಸೌರ ವಿದ್ಯುತ್ ಉದ್ಯಾನಕ್ಕೆ ಜಮೀನನ್ನು ಗುತ್ತಿಗೆಗೆ ಕೊಟ್ಟಿರುವ ತಿರುಮಣಿ, ವಳ್ಳೂರು ಮುಂತಾದ ಗ್ರಾಮಗಳವರು ವಾರ್ಷಿಕ ಗುತ್ತಿಗೆ ಹಣವನ್ನೂ ತೋರಿಸತಕ್ಕದ್ದು. ಚೀಟಿಯಲ್ಲಿ ಕಟ್ಟಿದ ಹಣ, ಬೇರೆಯವರಿಂದ ಬರಬೇಕಾದ ಬಾಕಿ, ಪಿತ್ರಾರ್ಜಿತದಲ್ಲಿನ ಪಾಲು ಇವೂ ಆಸ್ತಿಯೇ.

ಅರ್ಜಿ ಹಾಕುವ ಯೋಚನೆ ಬಂದ ಕೂಡಲೇ ಕೆಲವರು ಮಾಡುವ ಕೆಲಸವೆಂದರೆ ಜಮೀನನ್ನು ಬಾಮೈದನ ಹೆಸರಿಗೋ ಮಗನ ಹೆಸರಿಗೋ ಬರೆಯುವುದು. ಇದು ಅರ್ಜಿಯನ್ನೇ ಹಾಳುಮಾಡುತ್ತದೆ. ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಾಮಾಣಿಕ ಪ್ರತಿಫಲವಿಲ್ಲದೆ ಮಾಡಿದ ವರ್ಗಾವಣೆಯನ್ನು ನ್ಯಾಯಾಲಯ ರದ್ದುಪಡಿಸಬಹುದು. ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಒಬ್ಬ ಸಾಲದಾತನಿಗೆ ಮಾತ್ರ ಅನುಕೂಲ ಮಾಡಿಕೊಟ್ಟ ಪಾವತಿಗೂ ಇದೇ ಗತಿ. ಆಸ್ತಿ ಅಥವಾ ಲೆಕ್ಕಪತ್ರವನ್ನು ವಂಚನೆಯಿಂದ ಮರೆಮಾಚಿದರೆ ಒಂದು ವರ್ಷದವರೆಗೆ ಕಾರಾವಾಸದ ಶಿಕ್ಷೆಯಿದೆ. ನೆಂಟರ ಒತ್ತಾಯಕ್ಕೆ ಅವರ ಸಾಲವನ್ನು ಮಾತ್ರ ತೀರಿಸಿ ಬಂದವರೂ ಇದೇ ತೊಡಕಿನಲ್ಲಿ ಸಿಲುಕುತ್ತಾರೆ.

ಅರ್ಜಿ ಅಂಗೀಕೃತವಾದ ಮೇಲೆ ಸಾಲದಾತರಿಗೆ ನೋಟೀಸು ಹೋಗುತ್ತದೆ. ವಿಚಾರಣೆಯಲ್ಲಿ ಸಾಲಗಾರನನ್ನು ಅವರ ಮುಂದೆಯೇ ಪ್ರಶ್ನಿಸಲಾಗುತ್ತದೆ. ದಿವಾಳಿ ಎಂದು ಆದೇಶವಾದರೆ ಆಸ್ತಿಯು ನ್ಯಾಯಾಲಯಕ್ಕೆ ಅಥವಾ ರಿಸೀವರಿಗೆ ಸೇರುತ್ತದೆ. ಆನಂತರ ಸಾಲದಾತರು ನ್ಯಾಯಾಲಯದ ಅನುಮತಿಯಿಲ್ಲದೆ ಪ್ರತ್ಯೇಕವಾಗಿ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣಾ ಆದೇಶವನ್ನೂ ಕೋರಬಹುದು. ಅಡಮಾನ ಅಥವಾ ಒಡವೆ ಹಿಡಿದಿರುವವರ ಹಕ್ಕಿಗೆ ಮಾತ್ರ ಧಕ್ಕೆಯಾಗುವುದಿಲ್ಲ. ಮೇಲಿನ ಉದಾಹರಣೆಯ ರೈತರು ದಿವಾಳಿಯಾದರೂ ಬ್ಯಾಂಕಿನಲ್ಲಿರುವ ಒಡವೆ ಹರಾಜಿನಿಂದ ತಪ್ಪುವುದಿಲ್ಲ. ಪತ್ನಿಯ ಹೆಸರಿನ ಗುಂಪು ಸಾಲಕ್ಕೆ ಈ ಆದೇಶದ ರಕ್ಷಣೆಯೇ ಇಲ್ಲ.

ವಿಮೋಚನೆ

ದಿವಾಳಿ ಆದೇಶದಿಂದ ಸಾಲ ತೀರುವುದಿಲ್ಲ. ವಿಮೋಚನೆಯ ಆದೇಶದಿಂದ ತೀರುತ್ತದೆ. ನ್ಯಾಯಾಲಯವು ಗೊತ್ತುಪಡಿಸಿದ ಅವಧಿಯೊಳಗೆ ವಿಮೋಚನೆಗಾಗಿ ಪ್ರತ್ಯೇಕ ಅರ್ಜಿ ಸಲ್ಲಿಸದಿದ್ದರೆ ದಿವಾಳಿ ಆದೇಶವೇ ರದ್ದಾಗುತ್ತದೆ. ಅನೇಕರು ಮೊದಲ ಆದೇಶ ಸಿಕ್ಕ ಕೂಡಲೇ ಕೆಲಸ ಮುಗಿಯಿತೆಂದು ಮನೆಗೆ ಹೋಗುತ್ತಾರೆ. ಈ ದಿನಾಂಕವನ್ನು ವಕೀಲರಿಂದ ಬರೆಸಿಟ್ಟುಕೊಳ್ಳಬೇಕು.

ಆಸ್ತಿಯ ಮೌಲ್ಯವು ಆಧಾರರಹಿತ ಸಾಲದ ರೂಪಾಯಿಗೆ 50 ಪೈಸೆಯಷ್ಟೂ ಇಲ್ಲದಿದ್ದರೆ ಪೂರ್ಣ ವಿಮೋಚನೆಯನ್ನು ನಿರಾಕರಿಸಲಾಗುತ್ತದೆ. ಆದರೆ ಈ ಸ್ಥಿತಿಗೆ ತಾನು ಹೊಣೆಯಲ್ಲದ ಕಾರಣಗಳಿಂದ ಬಂದುದಾಗಿ ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ಈ ಅಡ್ಡಿ ನಿವಾರಣೆಯಾಗುತ್ತದೆ. ಆ ಕಾರಣಕ್ಕೆ ತಾಲ್ಲೂಕಿನ ಬರ ಘೋಷಣೆ, ಬೆಳೆ ನಷ್ಟ ಪರಿಹಾರದ ದಾಖಲೆ, ವಿಫಲವಾದ ಕೊಳವೆ ಬಾವಿಯ ರಸೀದಿ, ಆಸ್ಪತ್ರೆಯ ಬಿಲ್ಲು ಇವುಗಳನ್ನು ಎಸೆಯದೆ ಇಟ್ಟುಕೊಂಡಿರಬೇಕು.

ಸರ್ಕಾರಕ್ಕೆ ಕೊಡಬೇಕಾದ ಬಾಕಿ, ವಂಚನೆಯಿಂದ ಮಾಡಿದ ಸಾಲ ಮತ್ತು ಜೀವನಾಂಶದ ಹೊಣೆ ವಿಮೋಚನೆಯ ನಂತರವೂ ಉಳಿಯುತ್ತವೆ. ಜಾಮೀನುದಾರರು ಹಾಗೂ ಜಂಟಿಯಾಗಿ ಸಹಿ ಮಾಡಿದವರೂ ಬಿಡುಗಡೆಯಾಗುವುದಿಲ್ಲ. ಊರಿನ ಒಬ್ಬರು ದಿವಾಳಿಯಾದರೆ ಅವರಿಗೆ ಜಾಮೀನು ನಿಂತ ನೆರೆಯವರ ಮೇಲೆ ಪೂರ್ತಿ ಭಾರ ಬೀಳುತ್ತದೆ. ಅವರಿಗೆ ಮೊದಲೇ ತಿಳಿಸುವುದು ನ್ಯಾಯ. ವಿಮೋಚನೆ ಹೊಂದದ ದಿವಾಳಿದಾರರು ಗ್ರಾಮ ಪಂಚಾಯಿತಿ ಮುಂತಾದ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಸ್ಪರ್ಧಿಸಲು ಅನರ್ಹರು.

2016ರ ದಿವಾಳಿತನ ಸಂಹಿತೆಯಲ್ಲಿ ಸಣ್ಣ ಸಾಲಗಾರರಿಗೆ ‘ಹೊಸ ಆರಂಭ’ ಎಂಬ ಸರಳ ವಿಧಾನವಿದೆಯೆಂದು ಕೇಳಿ ಬರುವವರಿದ್ದಾರೆ. ಆ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದಿದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ರೈತರಿಗೆ, ಅಂಗಡಿಕಾರರಿಗೆ ಅನ್ವಯಿಸುವುದು ಹಳೆಯ ಅಧಿನಿಯಮವೇ.

ಸಾಲಗಾರ ಮೃತಪಟ್ಟಿದ್ದರೆ

ಮೃತರಿಂದ ತಮಗೆ ಬಂದ ಆಸ್ತಿಯ ಮೌಲ್ಯದಷ್ಟಕ್ಕೆ ಮಾತ್ರ ವಾರಸುದಾರರು ಹೊಣೆ. ಪತ್ನಿ ಸ್ವತಃ ಸಹಿ ಮಾಡಿರದಿದ್ದರೆ ಅವರ ಸ್ವಂತ ದುಡಿಮೆಯಿಂದಾಗಲಿ ತವರಿನ ಒಡವೆಯಿಂದಾಗಲಿ ವಸೂಲು ಮಾಡುವಂತಿಲ್ಲ. ತಿಥಿಯ ಮುನ್ನವೇ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬರುವವರಿಗೆ ಒಪ್ಪುವ ಅಗತ್ಯವಿಲ್ಲ.

ಉಚಿತ ಕಾನೂನು ನೆರವು

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಆದಾಯ ಮಿತಿಯೊಳಗಿನವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಮೇರೆಗೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ಬರದಿಂದ ತೊಂದರೆಗೊಳಗಾದವರೂ ಇದೇ ಅಧಿನಿಯಮದ 12ನೇ ಕಲಮಿನಲ್ಲಿ ಸೇರಿರುವುದು ಈ ಉಪವಿಭಾಗದ ಅನೇಕರಿಗೆ ತಿಳಿದಿಲ್ಲ. ತಾಲ್ಲೂಕು ಕೇಂದ್ರದ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೆ ಸಾಕು. ದಿವಾಳಿ ಅರ್ಜಿಯನ್ನು ಯಾವ ನ್ಯಾಯಾಲಯಕ್ಕೆ ಸಲ್ಲಿಸಬೇಕೆಂಬುದನ್ನೂ ಅಲ್ಲಿಯೇ ತಿಳಿಯಬಹುದು. ಸಾಲದಾತರು ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲದಿರುವುದರಿಂದ, ಕಟ್ಟಲು ಸಾಧ್ಯವಾಗುವ ಕಂತಿಗೆ ಮಾತ್ರ ಒಪ್ಪಬೇಕು.

ಕಾನೂನು ನೆರವಿನ ದೂರವಾಣಿ 15100. ಮನೆಗೆ ಬಂದು ಬೆದರಿಕೆ ಹಾಕಿದರೆ 112. ಮೊಬೈಲ್ ಸಾಲದ ಆ್ಯಪ್‌ಗಳ ಮೂಲಕ ವಂಚನೆಯಾಗಿದ್ದರೆ 1930. ಸಾಲದ ಚಿಂತೆಯಿಂದ ನಿದ್ರೆ, ಊಟ ಬಿಟ್ಟವರು ಅಥವಾ ಜೀವ ಬೇಡವೆಂದು ಮಾತನಾಡುವವರು ಮನೆಯಲ್ಲಿದ್ದರೆ ಟೆಲಿ-ಮಾನಸ್ 14416ಕ್ಕೆ ಕೂಡಲೇ ಕರೆ ಮಾಡತಕ್ಕದ್ದು. ಹಗಲು ರಾತ್ರಿ ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು. ಸಮಿತಿಗೆ ಭೇಟಿ ನೀಡುವಾಗ ಆಧಾರ್, ಪಡಿತರ ಚೀಟಿ, ಪಹಣಿ, ಋಣಭಾರ ಪತ್ರ, ಬಂದಿರುವ ಎಲ್ಲ ನೋಟೀಸುಗಳು ಮತ್ತು ಸಾಲದ ಪಟ್ಟಿಯ ಎರಡು ಪ್ರತಿಗಳನ್ನು ತರುವುದು.